ಇಂದಿನ ಧಮ್ಮ ಚಿಂತನೆ: ಅರಸ ಬಿಟ್ಟರೂ

 

ಎರಡನೆಯ ಶೀಲದ ಪಾಠದ ದಿನ ಶಿವಾಜಿನಗರದ ಬಂಧುವೊಬ್ಬರು ಕೇಳಿದರು: "ಮೇಷ್ಟ್ರೇ, ಅಧಿಕಾರಿಗಳ ಹಗರಣಗಳೆಲ್ಲ ನಿಜಕ್ಕೂ ಅಪರಾಧಗಳೇ? ನಾಲ್ಕು ದಿನ ಟಿವಿಯಲ್ಲಿ ಬರುತ್ತೆ, ಆಮೇಲೆ ಸುದ್ದಿಯೇ ಇರಲ್ಲ."

ಅವರ ಮನಸ್ಸಿನಲ್ಲಿದ್ದದ್ದು ಐ.ಎಂ.ಎ. ಪ್ರಕರಣ. 2019ರ ಜೂನ್‌ನಲ್ಲಿ ಲೇಡಿ ಕರ್ಜನ್ ರಸ್ತೆಯ ಆ ಆಭರಣ ಮಳಿಗೆಯ ಮುಂದೆ ಸೇರಿದ್ದ ಜನ ನಮಗೆಲ್ಲ ನೆನಪಿದ್ದಾರೆ. ಬಡ್ಡಿಯಲ್ಲ, ಲಾಭದ ಪಾಲು ಎಂದು ನಂಬಿ ಹಣ ಇಟ್ಟವರು. ಕಂಪನಿಯ ಬಗ್ಗೆ ಸರ್ಕಾರ ಮೊದಲೇ ವಿಚಾರಣೆ ಮಾಡಿಸಿತ್ತು. ಅನುಕೂಲಕರ ವರದಿಗಾಗಿ 1.5 ಕೋಟಿ ರೂಪಾಯಿ ಲಂಚ ಪಡೆದ ಆರೋಪದ ಮೇಲೆ ಜುಲೈನಲ್ಲಿ ನಗರ ಜಿಲ್ಲಾಧಿಕಾರಿಯನ್ನೇ ಬಂಧಿಸಿದರು. ಮರುವರ್ಷ ಅವರು ತೀರಿಕೊಂಡರು. ಆರೋಪ ಸಾಬೀತೂ ಆಗಲಿಲ್ಲ, ಸುಳ್ಳೂ ಆಗಲಿಲ್ಲ. ಅವರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ.

ವಿನಯಪಿಟಕದಲ್ಲಿ ಇಂಥದ್ದೇ ಒಂದು ಪ್ರಸಂಗವಿದೆ. ಕುಂಬಾರನ ಮಗ ಧನಿಯ ಎಂಬ ಭಿಕ್ಕುವಿಗೆ ಕುಟಿ ಕಟ್ಟಲು ಮರ ಬೇಕಿತ್ತು. ರಾಜಗೃಹದ ದುರಸ್ತಿಗೆ, ಆಪತ್ಕಾಲಕ್ಕೆ ಕಾದಿಟ್ಟಿದ್ದ ಮರವನ್ನು, "ಅರಸ ಕೊಟ್ಟಿದ್ದಾನೆ" ಎಂದು ಹೇಳಿ ಒಯ್ದ. ವಿಷಯ ಹೊರಬಿದ್ದಾಗ ಮೊದಲು ಕಟ್ಟಿಹಾಕಿದ್ದು ಕಾವಲುಗಾರನನ್ನು! (ಈಗಲೂ ಮೊದಲು ಸಸ್ಪೆಂಡ್ ಆಗುವವನು ಗುಮಾಸ್ತನೇ.) ಬಿಂಬಿಸಾರ ವಿಚಾರಿಸಿದರೆ ಧನಿಯನ ಉತ್ತರ: ಪಟ್ಟಾಭಿಷೇಕದಂದು ಶ್ರಮಣರಿಗೆ ಹುಲ್ಲು, ಕಟ್ಟಿಗೆ, ನೀರು ಕೊಟ್ಟೆನೆಂದು ನೀವೇ ಹೇಳಿದ್ದಿರಿ. ಅದು ಕಾಡಿನಲ್ಲಿ ಯಾರದ್ದೂ ಅಲ್ಲದ ಮರದ ಮಾತು ಎಂದ ಅರಸ. ಆದರೂ ಭಿಕ್ಕು ಎಂದು ಶಿಕ್ಷಿಸದೆ ಬಿಟ್ಟ.

ಬುದ್ಧರು ಅಲ್ಲಿಗೆ ಬಿಡಲಿಲ್ಲ. ಹಿಂದೆ ನ್ಯಾಯಾಧಿಕಾರಿಯಾಗಿದ್ದ ಭಿಕ್ಕುವನ್ನು ಕೇಳಿದರು: ಎಷ್ಟು ಕದ್ದರೆ ಬಿಂಬಿಸಾರ ಶಿಕ್ಷಿಸುತ್ತಾನೆ? ಒಂದು ಪಾದ, ಅಂದರೆ ಕಹಾಪಣದ ಕಾಲುಭಾಗ. ಅದೇ ಅಳತೆಯನ್ನು ಸಂಘಕ್ಕೂ ಹಾಕಿದರು: ಅಷ್ಟು ಕದ್ದವನು ಭಿಕ್ಕುವಾಗಿ ಉಳಿಯುವುದಿಲ್ಲ. ನಿಯಮಕ್ಕೆ ಮೊದಲೇ ತಪ್ಪಿದ್ದರಿಂದ ಧನಿಯನಿಗೆ ಅದು ಅನ್ವಯಿಸಲಿಲ್ಲ. ಇದೂ ನ್ಯಾಯವೇ.

ಕಳ್ಳತನಕ್ಕೆ ನಮ್ಮ ಅಟ್ಠಕಥೆಗಳು ಐದು ಅಂಗಗಳನ್ನು ಹೇಳುತ್ತವೆ: ವಸ್ತು ಪರರದ್ದು, ಅದು ಗೊತ್ತಿದೆ, ಕದಿಯುವ ಮನಸ್ಸಿದೆ, ಪ್ರಯತ್ನವಿದೆ, ವಸ್ತು ಕೈಸೇರಿದೆ. ಕೋರ್ಟು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಸಾಕ್ಷಿಯಿಲ್ಲದೆ ನಾನು ಯಾರನ್ನಾದರೂ "ಕಳ್ಳ" ಎಂದರೆ ನನ್ನ ನಾಲ್ಕನೆಯ ಶೀಲ ಕೆಡುತ್ತದೆ. ಆದರೆ ಒಬ್ಬರನ್ನು ಜೈಲಿಗೆ ಕಳಿಸಲು ಬೇಕಾದ ಪುರಾವೆಯನ್ನೇ, ಅವರನ್ನು ಕುರ್ಚಿಯಿಂದ ಇಳಿಸಲೂ ಕೇಳುವುದು ನನಗೆ ಸರಿಕಾಣುವುದಿಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದ ಎದ್ದಾಗ ರಾಮಕೃಷ್ಣ ಹೆಗಡೆಯವರು ತೀರ್ಪಿಗೆ ಕಾಯದೆ ಮುಖ್ಯಮಂತ್ರಿ ಹುದ್ದೆ ಬಿಟ್ಟರು. ಅವರು ಅಪರಾಧಿಯೋ ಅಲ್ಲವೋ ಎಂದು ಆಗ ಯಾರೂ ತೀರ್ಮಾನಿಸಬೇಕಾಗಿರಲಿಲ್ಲ.