ಒಲ್ಲೆ ಅಂದವರು ಯಾರು?

2020ರ ಮಾರ್ಚಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದವು. ಹೈಸ್ಕೂಲಿನ ಹೋಂವರ್ಕು ಫೋನಿಗೆ ಹತ್ತಿತು. ಅಂದಿನಿಂದ ಮೇಷ್ಟ್ರುಗಳಾದ ನಾವು ಒಂದು ಮಾತು ಕಲಿತಿದ್ದೇವೆ: ಈ ಮಕ್ಕಳಿಗೆ ಆನ್‌ಲೈನಿನಲ್ಲಿ ಬರೆಯೋ ಮನಸ್ಸೇ ಇಲ್ಲ.

ಮನಸ್ಸು! ಯಾಕಪ್ಪ ಲೆಕ್ಕ ಕಳಿಸಲಿಲ್ಲ ಅಂತ ಕೇರಿಯ ಹುಡುಗನೊಬ್ಬನನ್ನು ಕೇಳಿದೆವು. 'ಫೋನು ಅಪ್ಪಂದು ಸಾ. ಅಪ್ಪ ಗಾರೆ ಕೆಲಸಕ್ಕೆ ಹೋದ್ರೆ ಫೋನೂ ಹೋಯ್ತದೆ. ರಾತ್ರಿ ಬಂದಾಗ ಕರೆನ್ಸಿ ಇರಲ್ಲ.' ನಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಆಸಕ್ತಿ ಇಲ್ಲ' ಎಂದಿತ್ತು. ಬರೆದದ್ದು ನಮ್ಮದೇ ಕೈ. ಹಿಟ್ಟಿಲ್ಲದವನನ್ನು ಉಪವಾಸ ವ್ರತ ಹಿಡಿದಿದಾನೆ ಅಂದಂಗೆ.

ಅದೇ ಆಗಸ್ಟಿನಲ್ಲಿ ಸರ್ಕಾರದ 'ವಿದ್ಯಾಗಮ' ಬಂತು. ಯಾವ ಮಗುವಿನ ಹತ್ತಿರ ಎಂಥ ಫೋನಿದೆ, ಯಾರ ಹತ್ತಿರ ಏನೂ ಇಲ್ಲ ಅಂತ ಗುಂಪು ಮಾಡಿತು. ಇದೆಯಾ ಅಂತ ಕೇಳಿದ ಮೇಲಲ್ಲವೆ ಇಷ್ಟವಾ ಅಂತ ಕೇಳಬೇಕಾದ್ದು? ಮರದಡಿ, ಗುಡಿ ಜಗಲಿಯಲ್ಲಿ ಪಾಠ ನಡೆದವು. (ಗುಡಿ ಜಗಲಿಯಲ್ಲಿ ಕೇರಿ ಮಕ್ಕಳು ಎಲ್ಲಿ ಕೂತರು ಅನ್ನೋದು ಬೇರೆ ಕಥೆ.) ಅಕ್ಟೋಬರಿನಲ್ಲಿ ಅದೂ ನಿಂತಿತು.

ಬೇಕು ಅಂದವಳೂ ಒಬ್ಬಳು ಸಿಕ್ಕಳು. ಶಾಲೆ ಮತ್ತೆ ತೆರೆದ ಮೇಲೆ. 'ಫೋನಲ್ಲೇ ಚೆಂದಾಗಿತ್ತು ಸಾ. ತಪ್ಪಾದ್ರೆ ಕೆಂಪು ಗೆರೆ ಬತ್ತಿತ್ತು, ಅಷ್ಟೆ. ಇಲ್ಲಿ ನನ್ನ ಬುಕ್ಕ ಟೇಬಲ್ ಮೇಲೆ ಇಡು ಅಂತಾರೆ, ಕೈಗೆ ತಗಳಲ್ಲ.'

ಯಂತ್ರಕ್ಕೆ ಕೇರಿ ಗೊತ್ತಿಲ್ಲ, ನಿಜ. ಆದರೆ ಈ ಹುಡುಗಿಯನ್ನು ನಾವು 'ಆಸಕ್ತಿ ಇದೆ' ಎಂಬ ಕಡೆ ಬರೆದುಕೊಳ್ಳೋದು ಹೇಗೆ? ಅವಳು ಒಪ್ಪಿದ್ದು ಫೋನನ್ನೋ, ಒಲ್ಲೆ ಅಂದದ್ದು ನಮ್ಮನ್ನೋ? ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದೆವು. ಒಬ್ಬರು ಪೇಪರು ಮಡಿಸಿದರು, ಒಬ್ಬರು ಬೆಲ್ಲಾಯ್ತು ಅಂದರು. ಅವಳ ಬುಕ್ಕು ಈಗಲೂ ಟೇಬಲ್ಲಿನ ಮೇಲೇ ಬೀಳುತ್ತಿದೆ.