ನೀರಡಿಯ ಮನೆಗಳು

ನೀರಿನ ಕೆಳಗೆ ಏನಿದೆ ಎಂದು ನೋಡಲು ಜನ ಈಗ ಹಣ ಕೊಟ್ಟು ಹೋಗುತ್ತಾರೆ. ಉತ್ತರ ಕನ್ನಡದ ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತಲಿನ ಕಡಲಲ್ಲಿ ಹವಳದ ದಿಬ್ಬಗಳಿವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಪ್ರವಾಸಿಗರನ್ನು ತುಂಬಿಕೊಂಡು ದೋಣಿಗಳು ಅಲ್ಲಿಗೆ ಹೊರಡುತ್ತವೆ. ಪುನೀತ್ ರಾಜ್‌ಕುಮಾರ್ ಅವರು ಆ ನೀರಿಗೆ ಇಳಿದದ್ದನ್ನು 2022ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ಕಂಡ ಮೇಲೆ ಬಯಲುಸೀಮೆಯ ಹುಡುಗರ ಬಾಯಲ್ಲೂ ನೇತ್ರಾಣಿಯ ಹೆಸರು ಓಡಾಡತೊಡಗಿತು. ನಮ್ಮ ಬಾಗಲಕೋಟೆಯ ವಿದ್ಯಾಗಿರಿಯಿಂದಲೂ ಕಾಲೇಜು ಹುಡುಗರು, ಅಂಗಡಿಕಾರರ ಕುಟುಂಬಗಳು ಕ್ರೂಸರ್ ಗಾಡಿ ಮಾಡಿಕೊಂಡು ನರಗುಂದ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ರಾತ್ರಿಯಿಡೀ ಪ್ರಯಾಣ ಮಾಡಿ ಹೋಗಿಬರುತ್ತಾರೆ.

ಆದರೆ ವಿದ್ಯಾಗಿರಿಯವರು ನೀರಿನ ಕೆಳಗೆ ನೋಡಲು ಅಷ್ಟು ದೂರ ಹೋಗಬೇಕೆ? ಈ ಪ್ರಶ್ನೆಯನ್ನು ನಾವು ಕುಹಕಕ್ಕೆ ಕೇಳುತ್ತಿಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ದೇಶಕ್ಕೆ ಅರ್ಪಿಸಿದರು. ಈ ನಲವತ್ತು ವರ್ಷಗಳ ನಡುವೆ ಕೃಷ್ಣೆ, ಘಟಪ್ರಭೆಯರ ದಂಡೆಯ ನೂರಕ್ಕೂ ಹೆಚ್ಚು ಹಳ್ಳಿಗಳು ಹಿನ್ನೀರಿಗೆ ಸಿಕ್ಕವು. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳೂ ಹೋದವು. ನವನಗರದ ನಕ್ಷೆಗೆ ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿ ಕೈಹಾಕಿದ್ದರು. ಅಗಲವಾದ ರಸ್ತೆಗಳು ಬಂದವು, ಓಣಿಯ ಹೆಸರಿದ್ದಲ್ಲಿ ಸೆಕ್ಟರ್ ನಂಬರು ಬಂತು. ವಿದ್ಯಾಗಿರಿ ಮಾತ್ರ ಹೆಸರಿಗೆ ತಕ್ಕ ಹಾಗೆ ನೀರು ಮುಟ್ಟದ ಎತ್ತರದಲ್ಲಿ, ಹಳೆಯ ಊರಿಗೂ ಹೊಸ ಊರಿಗೂ ನಡುವೆ, ತನ್ನ ಕಾಲೇಜುಗಳನ್ನು ಇಟ್ಟುಕೊಂಡು ಉಳಿಯಿತು.

ಮುಳುಗಿದ ಊರಿನ ಜನ ಮೋಜಿಗಾಗಿ ನೀರೊಳಗೆ ಇಣುಕುವುದು ಎಂಥ ಕೆಲಸ? ಅದರಲ್ಲಿ ಕೆಡುಕೇನಾದರೂ ಇದೆಯೆ?

ಕೆಡುಕಿದೆ ಎನ್ನುವವರು ನಮ್ಮಲ್ಲಿ ಕಡಿಮೆ ಇಲ್ಲ, ಆದರೆ ಅವರ ಕಾರಣ ಬೇರೆ. ಅವರಿಗೆ ಸೈರ್ ಎಂಬುದೇ ಫಿಜೂಲ್. ಅಷ್ಟು ರೊಕ್ಕದಲ್ಲಿ ಒಬ್ಬ ಹುಡುಗನ ಫೀ ಕಟ್ಟಬಹುದಿತ್ತಲ್ಲ ಎಂದು ಕೇಳುತ್ತಾರೆ. ಈ ಮಾತಿಗೆ ತೂಕವಿದೆ. ಆದರೆ ಅದೇ ಹಿರಿಯರು ಮದುವೆಯ ಶಾಮಿಯಾನದ ಕೆಳಗೆ ಸಾವಿರ ಮಂದಿಗೆ ಬಿರಿಯಾನಿ ಹಾಕಿಸುವಾಗ ಯಾವ ಹುಡುಗನ ಫೀಯೂ ನೆನಪಾಗುವುದಿಲ್ಲ. ರಾತ್ರಿಯೆಲ್ಲ ನಮಾಜು, ಹಗಲೆಲ್ಲ ಉಪವಾಸ ಹಿಡಿದಿದ್ದ ಅಬ್ದುಲ್ಲಾ ಇಬ್ನ್ ಅಮ್ರ್ ಅವರನ್ನು ಕರೆದು, ದೇಹಕ್ಕೂ ಕಣ್ಣಿಗೂ ಅವರ ಮೇಲೆ ಹಕ್ಕಿದೆಯೆಂದು ಪ್ರವಾದಿಯವರು (ಸ) ತಿಳಿಹೇಳಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಕಣ್ಣಿನ ಹಕ್ಕೆಂದರೆ ನಿದ್ದೆ. ನೋಟವನ್ನೂ ಸೇರಿಸಿಕೊಂಡರೆ ಯಾರೂ ಬೈಯಲಾರರು ಎಂದುಕೊಂಡಿದ್ದೇವೆ.

ವಿಶ್ರಾಂತಿಗೆ ನಮ್ಮ ಕಡೆಯ ಮಾತು ಆರಾಮ. ಫಾರಸಿಯಿಂದ ಬಂದ ಈ ಶಬ್ದವನ್ನು ಉತ್ತರ ಕರ್ನಾಟಕದವರು ಕುಶಲ ಕೇಳುವುದಕ್ಕೇ ಇಟ್ಟುಕೊಂಡಿದ್ದಾರೆ. ದಾರಿಯಲ್ಲಿ ಸಿಕ್ಕವರು ‘ಆರಾಮ ಅದೀರಿ?’ ಎನ್ನುತ್ತಾರೆ. ಮೈಯಲ್ಲಿ ಹುಷಾರಿಲ್ಲದವನೂ, ಸಾಲದಲ್ಲಿ ಮುಳುಗಿದವನೂ ‘ಆರಾಮರೀ’ ಎಂದೇ ಹೇಳುವುದು. ಕಡಲ ದಂಡೆಯ ರೆಸಾರ್ಟಿನವರು ಇದೇ ಆರಾಮವನ್ನು ಬಟ್ಟೆಯ ಕುರ್ಚಿ, ಛತ್ರಿ, ಎಳನೀರಿನ ಜೊತೆ ಗಂಟೆಯ ಲೆಕ್ಕದಲ್ಲಿ ಮಾರುತ್ತಾರೆ. ಅದನ್ನು ನೋಡಿ ನಗುವುದು ಸುಲಭ. ನಾವು ಹೋದ ಜನವರಿಯಲ್ಲಿ ಮೂರು ಮನೆಯವರು ಕೂಡಿ ಹೋದಾಗ, ಹದಿನಾರನೆಯ ವಯಸ್ಸಿನಿಂದ ಒಲೆಯ ಮುಂದೆ ಕೂತಿದ್ದ ಹೆಂಗಸೊಬ್ಬಳು ಎರಡು ತಾಸು ಏನೂ ಮಾಡದೆ ತೆರೆ ನೋಡುತ್ತ ಕೂತದ್ದನ್ನು ಕಂಡೆವು. ಅವಳ ಮುಖ ನೋಡಿದ ಮೇಲೆ ನಗುವ ಮನಸ್ಸಾಗಲಿಲ್ಲ.

ಹೆಣ್ಣುಮಕ್ಕಳು ನೀರಿಗಿಳಿಯುವುದರ ಬಗ್ಗೆಯೂ ಮಾತು ಬಂದೇ ಬರುತ್ತದೆ. ದೋಣಿಯವರು ಕೊಟ್ಟ ಉಡುಪು ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚಿತ್ತು. ಬಿಗಿಯೆನ್ನುವುದೊಂದನ್ನು ಬಿಟ್ಟರೆ ಯಾವ ಮೌಲವಿಯೂ ತಕರಾರು ತೆಗೆಯುವಂತಿರಲಿಲ್ಲ. ಹುಡುಗಿಯರು ಮೇಲೊಂದು ಜುಬ್ಬ ಹಾಕಿಕೊಂಡು ಅದನ್ನೂ ಬಗೆಹರಿಸಿಕೊಂಡರು. ಅಪಾಯದ ಮಾತು ಮಾತ್ರ ಬೇರೆ. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ದಂಡೆಯಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ತೆರೆಗೆ ಸಿಕ್ಕಿ ತೀರಿಹೋದರು. ನಮ್ಮ ಹಾಗೆಯೇ ಕಡಲಿಲ್ಲದ ಸೀಮೆಯ ಮಕ್ಕಳು. ಆಗ ನಮ್ಮ ಬೀದಿಯಲ್ಲಿ ಕೇಳಿದ ಮೊದಲ ಮಾತು, ಹುಡುಗಿಯರನ್ನು ಅಲ್ಲಿಗೆಲ್ಲ ಯಾಕೆ ಕರೆದೊಯ್ಯಬೇಕು ಎಂಬುದು. ಕರೆದುಕೊಂಡು ಹೋದವರ ಕೈಯಲ್ಲಿ ಮಕ್ಕಳು ಅಮಾನತ್ತು. ದಂಡೆಯಲ್ಲಿ ಕಾಯುವವರಿರಬೇಕು, ಲೈಫ್ ಜಾಕೆಟ್ಟಿರಬೇಕು, ಬೇಡವೆಂದ ಕಡೆ ಇಳಿಯಬಾರದು ಎಂಬ ಮಾತು ಆಮೇಲೆ ಬಂತು. ಅದೇ ಮೊದಲು ಬರಬೇಕಿತ್ತು.

ಈಗ ನೀರೊಳಗಿನ ವಿಷಯ. ಸ್ನಾರ್ಕೆಲಿಂಗ್ ಎಂಬುದು ಆಳಕ್ಕಿಳಿಯುವ ಸಾಹಸವಲ್ಲ. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಒಂದು ಕೊಳವೆ. ಮುಖ ಕೆಳಗೆ ಮಾಡಿ ತೇಲಬೇಕು, ಕೊಳವೆಯಿಂದ ಉಸಿರಾಡಬೇಕು. ಈಜು ಬಾರದವರೂ ಜಾಕೆಟ್ ತೊಟ್ಟು ಮಾಡಬಹುದು. ಮೊದಲ ನಿಮಿಷ ಜೀವ ಹೋದಂತಾಗುತ್ತದೆ. ಆಮೇಲೆ ಕಿವಿಯಲ್ಲಿ ತನ್ನದೇ ಉಸಿರಿನ ಸದ್ದು, ಕೆಳಗೆ ಬಂಡೆ, ಹವಳ, ಗುಂಪು ಗುಂಪು ಮೀನು. ಪ್ಯಾರಟ್ ಫಿಶ್ ಎಂಬ ಹಸಿರು ಮೀನು ಗಿಳಿಯ ಹಾಗೆ ಕೊಕ್ಕಿನಿಂದ ಬಂಡೆ ಕೆರೆಯುವುದು ಕಂಡಿತು.

ಹವಳ ನಮಗೆ ಗೊತ್ತಿದ್ದದ್ದು ಕೊರಳಲ್ಲಿ, ಸರದ ಮಣಿಯಾಗಿ; ಅದು ಬೇರೆ ಕಡಲಿನ ಬೇರೆ ಜಾತಿ. ಸೂರಃ ರಹಮಾನಿನಲ್ಲಿ ಮುತ್ತಿನ ಜೊತೆ ಮರ್ಜಾನ್ ಎಂದು ಬರುವುದನ್ನು ಅನುವಾದಕರು ಹೆಚ್ಚಾಗಿ ಹವಳವೆನ್ನುತ್ತಾರೆ. ಮದರಸಾದ ಮಕ್ಕಳಿಗೂ ಆ ಹೆಸರು ಗೊತ್ತು. ಆದರೆ ಹವಳ ಒಂದು ಪ್ರಾಣಿ, ಅದರ ದಿಬ್ಬ ಒಂದು ಊರು ಎಂಬುದು ನೋಡದೆ ಮನಸ್ಸಿಗೆ ಇಳಿಯುವುದಿಲ್ಲ. ಕಾಳಿನಷ್ಟು ಸಣ್ಣ ಜೀವಿ ತನ್ನ ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತದೆ. ಅದು ಸತ್ತ ಮೇಲೆ ಅದರ ಮಕ್ಕಳು ಆ ಗೋಡೆಯ ಮೇಲೆಯೇ ಕಟ್ಟುತ್ತವೆ. ತಲೆಮಾರಿನ ಮೇಲೆ ತಲೆಮಾರು. ನಮ್ಮ ಹಳೆಯ ಮಾಳಿಗೆ ಮನೆಗಳೂ ಹೀಗೇ ಬೆಳೆದವು: ಅಜ್ಜ ಕಟ್ಟಿದ ಪಡಸಾಲೆ, ಅಪ್ಪ ಸೇರಿಸಿದ ಅಟ್ಟ.

ಇಳಿಸುವ ಮುಂಚೆ ದೋಣಿಯ ಹುಡುಗ ಐದು ನಿಮಿಷ ಪಾಠ ಹೇಳಿದ. ಏನನ್ನೂ ಮುಟ್ಟಬೇಡಿ. ಹವಳದ ಮೇಲೆ ಕಾಲಿಡಬೇಡಿ, ಸಾಯುತ್ತದೆ. ಏನನ್ನೂ ಎತ್ತಿಕೊಂಡು ಬರಬೇಡಿ, ಕೇಸಾಗುತ್ತದೆ. ಹುಡುಗ ಸುಳ್ಳು ಹೇಳಲಿಲ್ಲ: ದಿಬ್ಬ ಕಟ್ಟುವ ಹವಳಕ್ಕೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವ ರಕ್ಷಣೆಯೇ ಇದೆ. ಎಲ್ಲರೂ ತಲೆಯಾಡಿಸಿದರು, ಯಾರೂ ವಾದ ಮಾಡಲಿಲ್ಲ. ಪರರ ಮನೆಗೆ ಮೆಹಮಾನರಾಗಿ ಹೋಗುವ ಅದಬು ಅಷ್ಟು ಬೇಗ ಕಲಿತುಬಿಡಬಹುದು. (ಇದೇ ದ್ವೀಪವನ್ನು ನೌಕಾಪಡೆ ಹಲವು ವರ್ಷ ಗುಂಡಿನ ಗುರಿಯಾಗಿ ಬಳಸಿತ್ತು ಎಂಬುದನ್ನೂ ಹೇಳಬೇಕು.)

ಒದ್ದೆ ತಲೆಯಲ್ಲಿ ದಂಡೆಗೆ ವಾಪಸು ಬಂದ ಮಕ್ಕಳು ಛತ್ರಿಯ ಕೆಳಗೆ ಕೂತಿದ್ದ ಖಾಲಾರ ಸುತ್ತ ಸೇರಿದರು. ಖಾಲಾರಿಗೆ ಎಪ್ಪತ್ತು ದಾಟಿದೆ, ಹಳೇ ಊರಿನಿಂದ ಎದ್ದು ಬಂದವರು. ಮೀನು ಕಿಂಡಿಯಿಂದ ಹೊರಗೆ ಬಂದು ನೋಡಿ ಮತ್ತೆ ಒಳಗೆ ಹೋಗುತ್ತವೆ ಎಂದು ಚಿಕ್ಕವನು ವರ್ಣಿಸುತ್ತಿದ್ದ. ಖಾಲಾ ಕೇಳಿಸಿಕೊಂಡು, ‘ನೀಚೆ ಘರಾಂ ಹೈ ಕ್ಯಾ ಬೇಟಾ?’ ಅಂದರು. ಕೆಳಗೆ ಮನೆಗಳಿವೆಯೇನು ಅಂತ. ಮಕ್ಕಳು ನಕ್ಕರು. ದೊಡ್ಡವರು ಯಾರೂ ನಗಲಿಲ್ಲ. ನೀರಿನ ಕೆಳಗೆ ಮನೆಗಳಿರುತ್ತವೆ ಎಂಬುದು ಆಕೆಗೆ ಕತೆಯಲ್ಲ.

ಉರ್ದುವಿನಲ್ಲಿ ನೋಡುವುದಕ್ಕೆ ಸಂಬಂಧಿಸಿದ ಎರಡು ಮಾತುಗಳಿವೆ, ಎರಡೂ ಅರಬ್ಬಿಯವು. ಒಂದು ತಮಾಷಾ, ಕನ್ನಡದಲ್ಲಿ ತಮಾಷೆಯಾದದ್ದು. ಅದರ ಬೇರಿನಲ್ಲಿರುವುದು ನಡೆ: ಜೊತೆಯಾಗಿ ಅಡ್ಡಾಡುವುದು. ಇನ್ನೊಂದು ಇಬ್ರತ್, ಕಂಡದ್ದರಿಂದ ಪಾಠ ಕಲಿಯುವುದು. ಅದರ ಬೇರಿನ ಅರ್ಥ ದಾಟುವುದು, ಹೊಳೆಯನ್ನು ಈ ದಡದಿಂದ ಆ ದಡಕ್ಕೆ ದಾಟುವ ಹಾಗೆ. ಭೂಮಿಯಲ್ಲಿ ತಿರುಗಾಡಿ ಹಿಂದಿನವರ ಗತಿ ಏನಾಯಿತೆಂದು ನೋಡುವಂತೆ ಕುರ್‌ಆನ್ ಹಲವು ಕಡೆ ಹೇಳುತ್ತದೆ. ತಿರುಗಾಟವನ್ನು ಅದು ಬೇಡವೆನ್ನುವುದಿಲ್ಲ, ಅಲ್ಲಿಂದಲೇ ಶುರುಮಾಡುತ್ತದೆ. ತಮಾಷೆಗೆಂದೂ ಮನೆ ಬಿಡದವನಿಗೆ ಇಬ್ರತ್ ಎಲ್ಲಿ ಸಿಗಬೇಕು? 14ನೆಯ ಶತಮಾನದಲ್ಲಿ ಇದೇ ಕರಾವಳಿಯ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಊಟ, ಉಡುಗೆ, ಸುಲ್ತಾನನ ದರಬಾರು ಎಲ್ಲವನ್ನೂ ಕಣ್ತುಂಬ ನೋಡಿದ ಸೈರ್‌ಗಾರ. ಆದರೂ ಆ ಪಟ್ಟಣದಲ್ಲಿ ಹೆಣ್ಣುಮಕ್ಕಳ ಮದರಸಾಗಳು 13, ಗಂಡುಮಕ್ಕಳವು 23 ಎಂದು ಎಣಿಸಿ ಬರೆದಿಟ್ಟ. ಅವನನ್ನು ಏಳುನೂರು ವರ್ಷದ ಮೇಲೂ ಓದುವುದು ಈ ಎಣಿಕೆಗಾಗಿ.

ಹಾಗಾದರೆ ನೇತ್ರಾಣಿಯಲ್ಲಿ ಕಂಡದ್ದನ್ನು ದಾಟಿ ಹೋದರೆ ಆ ದಡದಲ್ಲಿ ಏನು ಸಿಗುತ್ತದೆ? ನಮಗೆ ಸಿಕ್ಕದ್ದು ಆಲಮಟ್ಟಿ. ಅಣೆಕಟ್ಟೆಯ ಬಳಿ ಉದ್ಯಾನಗಳಿವೆ, ಕಲ್ಲಿನ ಪ್ರಾಣಿಗಳ ರಾಕ್ ಗಾರ್ಡನ್ ಇದೆ, ಸಂಗೀತ ಕಾರಂಜಿ ಇದೆ, ದೋಣಿವಿಹಾರವೂ ಇದೆ. ರಜೆ ಬಂತೆಂದರೆ ಜಿಲ್ಲೆಯ ಶಾಲೆಗಳೆಲ್ಲ ಅಲ್ಲಿ. ಹಿನ್ನೀರಿಗೆ ರಾಜಹಂಸಗಳು ಬರುತ್ತವೆ, ಅವನ್ನು ನೋಡಲು ಕ್ಯಾಮೆರಾ ಹಿಡಿದವರೂ ಬರುತ್ತಾರೆ. ಈ ಚೆಲುವನ್ನು ಸುಳ್ಳೆನ್ನುವುದು ಹಟವಾದೀತು. ಅಣೆಕಟ್ಟೆಯನ್ನೇ ಶಪಿಸುವುದೂ ನಮ್ಮಿಂದಾಗದು: ಬರದ ನಾಡೆಂದೇ ಹೆಸರಾದ ವಿಜಯಪುರದ ಹೊಲಗಳಿಗೆ ಕಾಲುವೆ ಹರಿದದ್ದು, 290 ಮೆಗಾವಾಟ್ ಕರೆಂಟಿನ ಮನೆ ಎದ್ದದ್ದು ಈ ನೀರಿನಿಂದಲೇ. ಒಬ್ಬರ ಅಂಗಳ ಮುಳುಗಿ ಇನ್ನೊಬ್ಬರ ಹೊಲ ಹಸಿರಾಯಿತು. ಎರಡೂ ನಿಜ.

ಆದರೆ ಹವಳದ ಮನೆಗೆ ಸಿಕ್ಕ ಐದು ನಿಮಿಷದ ಪಾಠ ಈ ಮನೆಗಳಿಗೆ ಸಿಕ್ಕಿಲ್ಲ. ಆ ಹಳ್ಳಿಗಳಲ್ಲಿ ಗುಡಿಯಿತ್ತು, ದರ್ಗಾ ಇತ್ತು, ಕಬರಸ್ತಾನವಿತ್ತು. ಮೊಹರಮ್ಮಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಸುತ್ತು ಹಾಕುವ ಅಲಾಯಿ ಕುಣಿಯಿತ್ತು. ಪಂಜಾಗಳನ್ನು ಗಂಟು ಕಟ್ಟಿ ಪುನರ್ವಸತಿ ಕೇಂದ್ರಕ್ಕೆ ಒಯ್ದರು. ಕುಣಿಯನ್ನು ಒಯ್ಯಲಾಗುವುದಿಲ್ಲ, ಹೊಸದು ತೋಡಬೇಕು. ಸೆಕ್ಟರಿನ ನಕ್ಷೆಯಲ್ಲಿ ಅದಕ್ಕೆ ಎಲ್ಲಿ ಜಾಗ ಎಂದು ಕೇಳುತ್ತ ಅಲೆದವರು ನಮ್ಮ ನೆಂಟರಲ್ಲೇ ಇದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವರು ಹಳೆಯ ಜಾಗಕ್ಕೆ ಹೋಗಿ ನಿಂತು ಬರುತ್ತಾರೆ. ಅವರು ಟಿಕೆಟ್ ತೆಗೆದುಕೊಂಡು ಹೋದವರಲ್ಲ. ಪ್ರವಾಸಿಗರ ಲೆಕ್ಕದಲ್ಲಿ ಅವರು ಬರುವುದಿಲ್ಲ.

ಹವಳಕ್ಕೂ ಈಗ ಗಂಡಾಂತರವಿದೆ. ಕಡಲ ನೀರು ಮಿತಿಮೀರಿ ಬಿಸಿಯಾದರೆ ಅದು ತನಗೆ ಬಣ್ಣವನ್ನೂ ಅನ್ನವನ್ನೂ ಕೊಡುವ ಪಾಚಿಯನ್ನು ಹೊರಗೆ ಹಾಕಿ ಬಿಳಿಚುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಹಾಗೆ ದೊಡ್ಡ ಪ್ರಮಾಣದಲ್ಲಿ ಬಿಳಿಚಿತು. ಅದರ ಮನೆಯನ್ನೂ ನೀರೇ ಕಸಿದುಕೊಳ್ಳುತ್ತಿದೆ ಎನ್ನಬಹುದು. ಇದಕ್ಕೆ ಅಂತರರಾಷ್ಟ್ರೀಯ ಸಭೆಗಳು ನಡೆಯುತ್ತವೆ. ನಡೆಯಲೇಬೇಕು.

ಆಲಮಟ್ಟಿಯ ಕತೆಯೂ ಮುಗಿದಿಲ್ಲ. ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ದರ ಗೊತ್ತುಮಾಡಿತು. ಇನ್ನಷ್ಟು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ವಾರ್ಡುಗಳು ಏಳಬೇಕು. ದರದ ಚರ್ಚೆ ಚಹಾದಂಗಡಿಗಳಲ್ಲಿ ಜೋರಾಗಿದೆ, ಆಗಬೇಕಾದದ್ದೇ. ಅದರ ಜೊತೆಗೆ ಇನ್ನೊಂದು ಸಣ್ಣ ಕೆಲಸವಾಗಲಿ ಎಂದು ನಾವು ಕೇಳುತ್ತೇವೆ. ಆಲಮಟ್ಟಿಯಲ್ಲಿ ದೋಣಿಯ ಟಿಕೆಟ್ ಕೊಡುವ ಕಿಟಕಿಯ ಪಕ್ಕ ಹೋದ ಹಳ್ಳಿಗಳ ಹೆಸರನ್ನೆಲ್ಲ ಬರೆಸಬೇಕು, ಏಳಲಿರುವ ಊರುಗಳ ಓಣಿ ಓಣಿಯ ಹೆಸರನ್ನು ಈಗಲೇ ಗುರುತು ಹಾಕಿಕೊಳ್ಳಬೇಕು. ಓಣಿಯ ಕೊನೆಯ ಮನೆ ಯಾರದು, ಬಾವಿ ಎಲ್ಲಿತ್ತು, ಕುಣಿ ಎಲ್ಲಿತ್ತು ಎಂದು ಹೇಳಬಲ್ಲವರು ಇನ್ನೂ ಇದ್ದಾರೆ. ನಮ್ಮ ಖಾಲಾ ಮುರುಡೇಶ್ವರದಿಂದ ವಾಪಸು ಬರುವಾಗ ಅರಬೈಲು ಘಾಟು ಹತ್ತುವ ಮುಂಚೆ ಶುರುಮಾಡಿದವರು ಕಲಘಟಗಿ ಬರುವವರೆಗೆ ತಮ್ಮ ಓಣಿಯ ಎಡಬದಿಯ ಮನೆಗಳನ್ನಷ್ಟೇ ಹೇಳಿ ಮುಗಿಸಿದ್ದರು. ಬಲಬದಿಯದು ಇನ್ನೂ ಬರೆದುಕೊಳ್ಳುವುದಿದೆ.