ಸಿಪ್ಪೆ ಹಿಡಿದ ವಿಷ ಎಲ್ಲಿಗೆ ಹೋಗಬೇಕು?

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಶೇಂಗಾ ಸುಲಿದರೆ ಅಂಗಳದ ತುಂಬ ಸಿಪ್ಪೆ. ಒಲೆಗೋ ತಿಪ್ಪೆಗೋ ಹೋಗುವ ಈ ಸಿಪ್ಪೆಗೆ ಇನ್ನೊಂದು ಗುಣವಿದೆ. ಅದರ ನಾರು ತನ್ನಲ್ಲಿರುವ ಕ್ಯಾಲ್ಸಿಯಂ, ಹೈಡ್ರೋಜನ್ ಬಿಟ್ಟುಕೊಟ್ಟು ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂಗಳನ್ನು ಹಿಡಿದುಕೊಳ್ಳುತ್ತದೆ. ಭತ್ತದ ಹೊಟ್ಟು, ಹುಣಸೆ ಬೀಜದ ಸಿಪ್ಪೆಗೂ ಈ ಶಕ್ತಿ ಇದೆ.

ಶಾಲೆಯ ಮೇಜಿನ ಮೇಲೆಯೇ ಇದನ್ನು ತೋರಿಸಬಹುದು. ಸಿಪ್ಪೆಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ಕುಟ್ಟಿ, ತಾಮ್ರದ ಲವಣವಾದ ಮೈಲುತುತ್ತದ ತೆಳು ನೀಲಿ ನೀರಿಗೆ ಹಾಕಿ ಕದಡುತ್ತಿದ್ದರೆ ನೀಲಿ ತಗ್ಗುತ್ತ ಬರುತ್ತದೆ. ತೊಳೆಯದೆ ಹಾಕಿದರೆ ಸಿಪ್ಪೆಯೇ ಬಣ್ಣ ಬಿಟ್ಟು ನೀರು ಚಹಾದಂತಾಗುತ್ತದೆ.

ಆದರೆ ಕಣ್ಣಿನ ಸಾಕ್ಷಿ ಇಷ್ಟಕ್ಕೇ ಮುಗಿಯಿತು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆನ್ನುತ್ತದೆ ಭಾರತೀಯ ಮಾನಕ. ಅಷ್ಟು ಸಣ್ಣ ಪ್ರಮಾಣ ಯಾವ ಕಣ್ಣಿಗೂ ಕಾಣದು, ಯಾವ ನಾಲಿಗೆಗೂ ಸಿಗದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಗಳ ನೆಲದಲ್ಲಿ, ಅಂತರ್ಜಲ ಕುಡಿದವರ ಅಂಗೈ ಅಂಗಾಲುಗಳು ಒರಟುಗಟ್ಟಿದವು, ಮೈಮೇಲೆ ಕಪ್ಪು ಕಲೆ ಎದ್ದವು. ಕಾರಣ ಆರ್ಸೆನಿಕ್ ಎಂದು ಹೇಳಿದ್ದು ನೀರಿನ ಪರೀಕ್ಷೆ. ಅಲ್ಲಿಗೆ ಬರೀ ಶೇಂಗಾ ಸಿಪ್ಪೆ ಒಯ್ದರೆ ಹೆಚ್ಚು ಉಪಯೋಗವಿಲ್ಲ. ಆರ್ಸೆನಿಕ್‌ನ ಸ್ವಭಾವವೇ ಬೇರೆ, ಅದನ್ನು ಹಿಡಿಯಲು ಕಬ್ಬಿಣದ ಲೇಪ ಬೇಕು. ರೋಗ ತಿಳಿಯದೆ ಕೊಟ್ಟ ಮದ್ದು ಎಷ್ಟು ಅಗ್ಗವಾದರೂ ಮೋಸವೇ.

ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ. ಸಿಪ್ಪೆ ಹಿಡಿದ ಸೀಸ ಮಾಯವಾಗಿಲ್ಲ, ಮನೆ ಬದಲಿಸಿದೆ ಅಷ್ಟೆ. ಆ ಸಿಪ್ಪೆಯನ್ನು ತಿಪ್ಪೆಗೆ ಚೆಲ್ಲಿದರೆ ಗೊಬ್ಬರದ ಜೊತೆ ಹೊಲಕ್ಕೆ ಬರುತ್ತದೆ. ಒಲೆಗೆ ಹಾಕಿದರೆ ಬೂದಿಯಲ್ಲಿ, ಹೊಗೆಯಲ್ಲಿ ಅಡುಗೆಮನೆಗೇ ಬರುತ್ತದೆ. ಹೊಳೆಗೆ ಚೆಲ್ಲಿದರೂ ಅಷ್ಟೆ. ಕೃಷ್ಣಾ ನದಿ ಕರ್ನಾಟಕ ದಾಟಿ ತಂಗಡಿಯ ಬಳಿ ತೆಲಂಗಾಣ ಸೇರುತ್ತದೆ. ಮೇಲಿನ ಊರಿನವರು ಹೊಳೆಗೆ ಬಿಟ್ಟದ್ದು ಕೆಳಗಿನ ಊರಿನವರ ಕೊಡಕ್ಕೆ ಬರುತ್ತದೆ, ಆ ಕೊಡ ಹೊತ್ತವರು ಕನ್ನಡದವರೋ ತೆಲುಗಿನವರೋ ಎಂದು ಸೀಸ ಕೇಳುವುದಿಲ್ಲ.

ಆದ್ದರಿಂದ ಸಿಪ್ಪೆಗೆ ತಕ್ಕ ಜಾಗ ಬಡವರ ಬಿಂದಿಗೆಯಲ್ಲ, ಲೋಹದ ನೀರು ಹೊರಬೀಳುವ ಕಾರ್ಖಾನೆಯ ಮೋರಿ. ಬಳಸಿದ ಸಿಪ್ಪೆಯ ಲೆಕ್ಕ ಇಡಬೇಕಾದವರೂ ಆ ವಿಷ ಹುಟ್ಟಿಸಿದವರೇ. ಹಳ್ಳಿಯವರ ಕೈಗೆ ಒಂದು ಚೀಲ ಪುಡಿ ಕೊಟ್ಟು ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಅವರ ಬಾವಿಯ ನೀರನ್ನು ಪರೀಕ್ಷಿಸಿ, ಬಂದ ಅಂಕಿಯನ್ನು ಅವರ ಭಾಷೆಯಲ್ಲಿ ಬಾವಿಕಟ್ಟೆಯ ಮೇಲೆಯೇ ಬರೆಯಲಿ. ನೀರಿಗೆ ಬಂದವರು ಕೊಡ ಇಳಿಸುವ ಮೊದಲು ಅದನ್ನು ಓದುವಂತಾಗಲಿ.